40 ಯೂನಿಟ್ 29ಕ್ಕೆ ಇಳಿದದ್ದೇಕೆ?

ಪ್ರಶ್ನೆ: ನಾನು 34 ವರ್ಷದ ಹೆಣ್ಣುಮಗಳು. 16 ವರ್ಷಗಳಿಂದ ಟೈಪ್ 1 ಮಧುಮೇಹ ಇದೆ, ಇನ್ಸುಲಿನ್ ಪೆನ್ ಬಳಸುತ್ತೇನೆ. ಬಹಳ ಕಾಲದಿಂದ ದಿನಕ್ಕೆ ಸುಮಾರು 40 ಯೂನಿಟ್ ಇನ್ಸುಲಿನ್ ಸಾಕಾಗುತ್ತಿತ್ತು: ರಾತ್ರಿ ದೀರ್ಘಾವಧಿಯದು 18, ಉಳಿದದ್ದು ಊಟಗಳಿಗೆ. ಎರಡು ತಿಂಗಳ ಹಿಂದೆ ಸಕ್ಕರೆ ಇದ್ದಕ್ಕಿದ್ದಂತೆ 300 ದಾಟತೊಡಗಿ, 56 ಯೂನಿಟ್‌ವರೆಗೂ ಏರಿಸಬೇಕಾಯಿತು. ಹತ್ತು ದಿನಗಳ ನಂತರ ತಾನಾಗಿಯೇ ಇಳಿಯಿತು. ಆದರೆ ಇಳಿಯುವುದು ಅಲ್ಲಿಗೆ ನಿಲ್ಲಲಿಲ್ಲ. ಈಗ 29 ಯೂನಿಟ್‌ಗೇ ವಾರಕ್ಕೆ ಮೂರು ನಾಲ್ಕು ಬಾರಿ ಲೋ ಆಗುತ್ತಿದೆ, ಅಂದರೆ ರಕ್ತದ ಸಕ್ಕರೆ ತೀರಾ ಇಳಿಯುತ್ತಿದೆ. ಒಮ್ಮೆ ಬೆಳಗಿನ ಜಾವ 48ಕ್ಕೆ ಇಳಿದಿತ್ತು. ಊಟ, ಕೆಲಸ ಯಾವುದೂ ಬದಲಾಗಿಲ್ಲ. ತುಂಬಾ ಸುಸ್ತು, ತೂಕವೂ ಮೂರು ಕೆ.ಜಿ. ಇಳಿದಿದೆ. ಕಡಿಮೆ ಇನ್ಸುಲಿನ್ ಸಾಕಾಗುತ್ತಿದೆ ಎಂದರೆ ಕಾಯಿಲೆ ವಾಸಿಯಾಗುತ್ತಿದೆ ಎಂದು ಮನೆಯವರಿಗೆ ಸಂತೋಷ. ಇನ್ನು ಕೆಲವರು ನನ್ನ ಶಿಸ್ತು ತಪ್ಪಿದೆ ಎನ್ನುತ್ತಾರೆ. ನಾನು ಎಲ್ಲಿ ತಪ್ಪಿದೆ? (ಇದರ ನಡುವೆ ಭುಜ ಹಿಡಿದುಕೊಂಡು ಅದಕ್ಕೊಂದು ಇಂಜೆಕ್ಷನ್ ಆಗಿದೆ. ಹೊಟ್ಟೆಗೆ ಚುಚ್ಚಿಕೊಂಡರೆ ಇನ್ಸುಲಿನ್ ಕೆಲಸ ಮಾಡುತ್ತಿಲ್ಲ ಎನಿಸಿ ಈಗ ತೊಡೆಗೆ ಹಾಕಿಕೊಳ್ಳುತ್ತಿದ್ದೇನೆ.)

ಉತ್ತರ: ನಿಮ್ಮ ಪತ್ರದ ಅತಿ ಮುಖ್ಯವಾದ ಎರಡು ವಾಕ್ಯಗಳನ್ನು ನೀವು ಕಟ್ಟಕಡೆಗೆ, ಆವರಣದೊಳಗೆ ಬರೆದಿದ್ದೀರಿ. ನಿಮ್ಮ ಪ್ರಶ್ನೆಯ ಅರ್ಧಕ್ಕೆ ಉತ್ತರ ಅಲ್ಲೇ ಇದೆ. ಉಳಿದರ್ಧ ಸುಸ್ತು ಮತ್ತು ತೂಕದ ಮಾತಿನಲ್ಲಿದೆ. ಅದನ್ನು ಪತ್ರದಲ್ಲಿ ಬಿಡಿಸಲಾಗದು, ರಕ್ತಪರೀಕ್ಷೆ ಬೇಕು. ಈ ವಾರದೊಳಗೇ ನಿಮ್ಮ ವೈದ್ಯರನ್ನು ಕಾಣಿ.

ಅದಕ್ಕೂ ಮೊದಲು ಇಂದಿನ ರಾತ್ರಿಯ ಮಾತು. ಬೆಳಗಿನ ಜಾವ 48ಕ್ಕೆ ಇಳಿದ ಮೇಲೂ ದೀರ್ಘಾವಧಿಯ ಇನ್ಸುಲಿನ್ ಅಷ್ಟೇ ಪ್ರಮಾಣದಲ್ಲಿ ನಡೆಯುತ್ತಿದ್ದರೆ, ವೈದ್ಯರಿಗೆ ಫೋನ್ ಮಾಡಿ ಇಂದೇ ಇಳಿಸಿಕೊಳ್ಳಿ. ಕಾರಣ ಗೊತ್ತಾಗದೆ ರಾತ್ರಿ ಲೋ ಆಗುತ್ತಿರುವಾಗ ನಾವು ಸಾಮಾನ್ಯವಾಗಿ ಅದನ್ನು ಶೇ 10ರಿಂದ 20ರಷ್ಟು ತಗ್ಗಿಸುತ್ತೇವೆ. ತಗ್ಗಿಸುವುದು ಬೇರೆ, ನಿಲ್ಲಿಸುವುದು ಬೇರೆ. ಟೈಪ್ 1 ಇರುವವರು ಅದನ್ನು ಪೂರ್ತಿ ಬಿಟ್ಟರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಏರಿ ಆಸ್ಪತ್ರೆ ಸೇರಬೇಕಾಗುತ್ತದೆ. ಹಾಸಿಗೆಯ ಪಕ್ಕ ಗ್ಲುಕೋಸ್ ಇಟ್ಟುಕೊಳ್ಳಿ. ಲೋ ಆದಾಗ ಒಮ್ಮೆಗೆ 15 ಗ್ರಾಂ ತಿಂದು ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿಕೊಳ್ಳಬೇಕು. ತೀರಾ ಇಳಿದ ಸಕ್ಕರೆಯನ್ನು ಏರಿಸುವ ತುರ್ತು ಔಷಧ ಗ್ಲುಕಗಾನ್ ಮನೆಯಲ್ಲಿರಲಿ, ಅದನ್ನು ಕೊಡುವುದು ಮನೆಯ ಒಬ್ಬರಿಗಾದರೂ ಗೊತ್ತಿರಲಿ. ಸಕ್ಕರೆಯನ್ನು ಸದಾ ಅಳೆಯುವ ಸೆನ್ಸರ್ ಮೈಮೇಲಿದ್ದರೆ ಅದರ ಅಲಾರಂ ಅನ್ನು 80ಕ್ಕೆ ಇಡಿ. ಇಲ್ಲದಿದ್ದರೆ ಕೆಲವು ದಿನ ರಾತ್ರಿ ಎರಡು ಮೂರು ಗಂಟೆಗೆ ಎದ್ದು ಪರೀಕ್ಷಿಸಿಕೊಳ್ಳಿ. ಈಗಾಗಲೇ ಸೋತಿರುವ ನಿಮಗೆ ನಿದ್ದೆಗೆಡಲು ಹೇಳುವುದು ಕಷ್ಟವೇ, ಆದರೂ ಹೇಳಲೇಬೇಕು. ಲೋ ಮೇಲೆ ಲೋ ಆಗುತ್ತಿದ್ದರೆ ದೇಹ ಕೊಡುವ ಬೆವರು, ನಡುಕ, ಎದೆಬಡಿತದ ಎಚ್ಚರಿಕೆಗಳು ಮಂಕಾಗುತ್ತಾ ಹೋಗುತ್ತವೆ. ಎರಡು ಮೂರು ವಾರ ಲೋ ಆಗದಂತೆ ನೋಡಿಕೊಂಡರೆ ಅವು ಬಹುಪಾಲು ಮರಳಿ ಬರುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ‘ಎಲ್ಲಿ ತಪ್ಪಿದೆ’ ಎಂದು ಕೇಳಿದ್ದೀರಿ. ಆ ಪ್ರಶ್ನೆಯ ಒಳಗೇ ಒಂದು ನಂಬಿಕೆ ಅಡಗಿದೆ: ಪ್ರತಿಯೊಬ್ಬರಿಗೂ ಒಂದು ಸರಿಯಾದ ಪ್ರಮಾಣವಿದೆ, ಅದನ್ನು ಒಮ್ಮೆ ಕಂಡುಕೊಂಡು ಶಿಸ್ತಿನಿಂದ ಪಾಲಿಸಿದರೆ ಸಕ್ಕರೆ ಹೇಳಿದಂತೆ ಕೇಳುತ್ತದೆ ಎಂಬುದು. ಆರೋಗ್ಯವಂತರ ಮೇದೋಜೀರಕ ಗ್ರಂಥಿಗೆ ಇಂಥ ಸ್ಥಿರ ಪ್ರಮಾಣವೇ ಇಲ್ಲ. ಅದು ನಿಮಿಷ ನಿಮಿಷಕ್ಕೂ ರಕ್ತದ ಗ್ಲುಕೋಸ್ ನೋಡಿಕೊಂಡು ಸುರಿಯುತ್ತದೆ, ನಿಲ್ಲಿಸುತ್ತದೆ. ಜ್ವರ ಬಂದ ದಿನ ಹೆಚ್ಚು, ನಡೆದಾಡಿದ ದಿನ ಕಡಿಮೆ. ಆ ಮನುಷ್ಯನಿಗೆ ಅದು ಗೊತ್ತಾಗುವುದೇ ಇಲ್ಲ. ಅವರಲ್ಲಿ ಸದ್ದಿಲ್ಲದೆ ನಡೆಯುವ ಅದೇ ಏರಿಳಿತ ನಿಮ್ಮಲ್ಲಿ ಅಂಕಿಯಾಗಿ ಮೀಟರಿನ ಮೇಲೆ ಬಂದು ನಿಲ್ಲುತ್ತದೆ. ಮನುಷ್ಯರಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟದ್ದು 1922ರಲ್ಲಿ. ಮರುವರ್ಷ ಅದೇ ಇನ್ಸುಲಿನ್ನಿನಿಂದ ಬದುಕುಳಿದ ಬ್ರಿಟಿಷ್ ವೈದ್ಯ ಆರ್. ಡಿ. ಲಾರೆನ್ಸ್, ವ್ಯಾಯಾಮ ಮಾಡಿದಾಗ ಅದರ ಪರಿಣಾಮ ಹೆಚ್ಚುತ್ತದೆ ಎಂದು 1926ರಲ್ಲೇ ಬರೆದರು. ಬೇಕಾಗುವ ಪ್ರಮಾಣ ಬದಲಾಗುತ್ತಲೇ ಇರುತ್ತದೆ ಎಂಬ ಅರಿವು ಇನ್ಸುಲಿನ್ನಿನಷ್ಟೇ ಹಳೆಯದು. ಆದರೂ ಬದಲಾದಾಗಲೆಲ್ಲ ರೋಗಿಯನ್ನೇ ದೂರುವ ಅಭ್ಯಾಸ ಹೋಗಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಮೊದಲ ಹತ್ತು ದಿನಗಳ ಏರಿಕೆಯ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ. ಹಿಡಿದುಕೊಂಡ ಭುಜಕ್ಕೆ ಕೀಲಿನೊಳಗೆ ಕೊಡುವ ಇಂಜೆಕ್ಷನ್ ಸಾಮಾನ್ಯವಾಗಿ ಸ್ಟೀರಾಯ್ಡ್, ಅಂದರೆ ಉರಿಯೂತ ತಗ್ಗಿಸುವ ಔಷಧ. (ಫ್ರೋಜನ್ ಶೋಲ್ಡರ್ ಎಂಬ ಈ ತೊಂದರೆ ಮಧುಮೇಹ ಇರುವವರಿಗೆ ಉಳಿದವರಿಗಿಂತ ಹೆಚ್ಚಾಗಿಯೇ ಬರುತ್ತದೆ. ಹಾಗಾಗಿ ಇಂಥ ಇಂಜೆಕ್ಷನ್ ನಿಮ್ಮಂಥವರಿಗೆ ಅಪರೂಪವಲ್ಲ.) ಕೀಲಿಗೆ ಕೊಟ್ಟ ಔಷಧ ಕೀಲಿನಲ್ಲೇ ಉಳಿಯುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರಿ, ಯಕೃತ್ತು ಹೆಚ್ಚು ಗ್ಲುಕೋಸ್ ತಯಾರಿಸುವಂತೆಯೂ ಸ್ನಾಯುಗಳು ಇನ್ಸುಲಿನ್ನಿಗೆ ಕಿವಿಗೊಡದಂತೆಯೂ ಮಾಡುತ್ತದೆ. ಮೊದಲ ಕೆಲವು ದಿನ ಇದು ಜೋರಾಗಿರುತ್ತದೆ, ಕೆಲವರಲ್ಲಿ ಒಂದೆರಡು ವಾರ ಎಳೆಯುತ್ತದೆ. ನೀವು 56ಕ್ಕೆ ಏರಿಸಿದ್ದು ಆ ಹೊತ್ತಿಗೆ ಸರಿಯಾದ ಕೆಲಸವೇ. ಇಂಜೆಕ್ಷನ್ ಕೊಟ್ಟವರು ಸಕ್ಕರೆ ಏರುತ್ತದೆ ಎಂದು ಮೊದಲೇ ಒಂದು ಮಾತು ಹೇಳಿದ್ದರೆ ನಿಮಗೆ ಆ ದಿನಗಳ ದಿಗಿಲು ತಪ್ಪುತ್ತಿತ್ತು. ಇನ್ನು ಮುಂದೆ ಯಾವ ವೈದ್ಯರು ಯಾವುದೇ ತೊಂದರೆಗೆ ಹೊಸ ಔಷಧ ಕೊಟ್ಟರೂ, ಅಸ್ತಮಾಗೋ ಚರ್ಮದ ಅಲರ್ಜಿಗೋ ಇರಬಹುದು, ‘ಇದರಲ್ಲಿ ಸ್ಟೀರಾಯ್ಡ್ ಇದೆಯೇ, ಎಷ್ಟು ದಿನ’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ನುಂಗುವ ಸ್ಟೀರಾಯ್ಡ್ ಮಾತ್ರೆಯ ಪರಿಣಾಮ ಮಧ್ಯಾಹ್ನದಿಂದ ಸಂಜೆಯವರೆಗೆ ಹೆಚ್ಚು, ನಸುಕಿನಲ್ಲಿ ಕಡಿಮೆ. ರಾತ್ರಿಯ ಇನ್ಸುಲಿನ್ ಏರಿಸಿದರೆ ಸಂಜೆಯ ಸಕ್ಕರೆ ಇಳಿಯದೆ ನಸುಕಿನಲ್ಲಿ ಲೋ ಆಗಬಹುದು.

ಈಗ ಹೊಟ್ಟೆಯಿಂದ ತೊಡೆಗೆ ಬಂದದ್ದು. ಹದಿನಾರು ವರ್ಷ ಪೆನ್ ಬಳಸಿದವರು ‘ಹೊಟ್ಟೆಗೆ ಚುಚ್ಚಿಕೊಂಡರೆ ಕೆಲಸ ಮಾಡುತ್ತಿಲ್ಲ’ ಎಂದಾಗ ನಾನು ಪುಸ್ತಕದಲ್ಲಿ ಬರೆದ ಸಕ್ಕರೆಯ ಅಂಕಿಗಳನ್ನು ನೋಡುವುದಕ್ಕೂ ಮೊದಲು ಹೊಟ್ಟೆ ಮುಟ್ಟಿ ನೋಡುತ್ತೇನೆ. ಇನ್ಸುಲಿನ್ನಿಗೆ ಕೊಬ್ಬಿನ ಕಣಗಳನ್ನು ಬೆಳೆಸುವ ಗುಣವಿದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ, ಅದರಲ್ಲೂ ಒಂದೇ ಸೂಜಿಯನ್ನು ಹಲವು ಬಾರಿ ಬಳಸಿದರೆ, ಚರ್ಮದಡಿಯ ಕೊಬ್ಬು ದಪ್ಪಗಾಗಿ ರಬ್ಬರಿನಂಥ ಗಂಟಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಅಲ್ಲಿ ಚುಚ್ಚಿದರೆ ನೋವು ಕಡಿಮೆ. ಅದಕ್ಕೇ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ಗಂಟು ಇನ್ನಷ್ಟು ಬೆಳೆಯುತ್ತದೆ. ಅದರೊಳಗೆ ಬಿದ್ದ ಇನ್ಸುಲಿನ್ ಒಂದು ದಿನ ನಿಧಾನವಾಗಿ, ಒಂದು ದಿನ ಅರೆಬರೆಯಾಗಿ ರಕ್ತ ಸೇರುತ್ತದೆ. ಹೀಗೆ ಸೋರಿಹೋಗುವ ಪಾಲನ್ನು ತುಂಬಲು ವರ್ಷಗಳ ಕಾಲ ಪ್ರಮಾಣ ಏರುತ್ತಾ ಬಂದಿರುತ್ತದೆ. ನಿಮ್ಮ 40 ಯೂನಿಟ್‌ಗಳಲ್ಲಿ ಒಂದು ಭಾಗ ಆ ಗಂಟಿಗೆ ಕಟ್ಟುತ್ತಿದ್ದ ಸುಂಕವಾಗಿರಬಹುದು. ತೊಡೆಯ ಚರ್ಮ ಇನ್ನೂ ಚೆನ್ನಾಗಿದೆ, ಹಾಕಿದ್ದೆಲ್ಲ ರಕ್ತ ಸೇರುತ್ತದೆ. ಗಂಟಿನ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋಗುವವರಿಗೆ ನಾವು ಮೊದಲೇ ಶೇ 10ರಿಂದ 20ರಷ್ಟು ಕಡಿಮೆ ಮಾಡಿಸುವುದು ಇದಕ್ಕೇ. ನೀವು ಇದನ್ನು ತಿಳಿಯದೆ, ಅದೂ ಸ್ಟೀರಾಯ್ಡಿನ ಪರಿಣಾಮ ಕರಗುತ್ತಿದ್ದ ಹೊತ್ತಿನಲ್ಲೇ ಮಾಡಿದಿರಿ. ಎರಡೂ ಒಟ್ಟಿಗೆ ಬಂದದ್ದರಿಂದ ಪ್ರಪಾತಕ್ಕೆ ಬಿದ್ದಂತೆ ಕಂಡಿತು.

ತೊಡೆಯ ಬಗ್ಗೆ ಇನ್ನೊಂದು ಮಾತು. ಅಲ್ಲಿಗೆ ಊಟದ ಇನ್ಸುಲಿನ್ ಹಾಕಿಕೊಂಡು ಕೂಡಲೇ ಬಿರುಸಾಗಿ ನಡೆದರೆ ಅಥವಾ ಸೈಕಲ್ ತುಳಿದರೆ ಅದು ಬೇಗ ಹೀರಲ್ಪಡುತ್ತದೆ. ಬಿಸಿನೀರಿನ ಸ್ನಾನವೂ ಹಾಗೆಯೇ. ಹೊಟ್ಟೆಯನ್ನು ಪೂರ್ತಿ ಬಿಡಬೇಕಿಲ್ಲ. ಗಂಟಿರುವ ಜಾಗವನ್ನಷ್ಟೇ ತಿಂಗಳುಗಟ್ಟಲೆ ಮುಟ್ಟದೆ ಬಿಡಿ. ಉಳಿದ ಕಡೆ ಪ್ರತಿ ಬಾರಿ ಒಂದು ಸೆಂಟಿಮೀಟರ್‌ಗೆ ಕಡಿಮೆಯಿಲ್ಲದಂತೆ ಸರಿಯುತ್ತಾ ಬನ್ನಿ, ಪ್ರತಿ ಬಾರಿ ಹೊಸ ಸೂಜಿ ಬಳಸಿ. 4 ಮಿಲಿಮೀಟರ್ ಸೂಜಿ ಬಹುತೇಕ ಎಲ್ಲರಿಗೂ ಸಾಕು.

ಇಷ್ಟಕ್ಕೇ ನಿಲ್ಲಿಸಿ ‘ಸರಿಹೋಗುತ್ತದೆ ಬಿಡಿ’ ಎಂದು ಬರೆಯಬಹುದಿತ್ತು. ಆದರೆ ಲೆಕ್ಕ ಕೂಡುತ್ತಿಲ್ಲ. 40ರಿಂದ ಶೇ 20 ಕಳೆದರೆ 32 ಆಗುತ್ತದೆ. ನೀವು 29ಕ್ಕೆ ಬಂದಿದ್ದೀರಿ, ಅದೂ ಹೆಚ್ಚಾಗಿ ಲೋ ಆಗುತ್ತಿದೆ. ಜಾಗ ಬದಲಿಸಿದ್ದಕ್ಕೆ ಸುಸ್ತು ಬರುವುದಿಲ್ಲ, ತೂಕ ಇಳಿಯುವುದಿಲ್ಲ.

ಇನ್ಸುಲಿನ್ ಹೆಚ್ಚು ಬೇಕಾದಾಗ ಎಲ್ಲರೂ ಗಾಬರಿಯಾಗುತ್ತಾರೆ, ಕಡಿಮೆ ಸಾಕಾದಾಗ ಸಂತೋಷಪಡುತ್ತಾರೆ. ಇಷ್ಟು ವರ್ಷಗಳ ಅನುಭವದಲ್ಲಿ ನಾನು ಕಲಿತದ್ದು ಇದಕ್ಕೆ ವಿರುದ್ಧ. ಏರಿಕೆಗೆ ಹತ್ತರಲ್ಲಿ ಒಂಬತ್ತು ಬಾರಿ ಕಾರಣ ಕೈಗೆ ಸಿಗುತ್ತದೆ: ಜ್ವರ, ಹಲ್ಲಿನ ಸೋಂಕು, ಔಷಧ, ಕೆಟ್ಟುಹೋದ ಇನ್ಸುಲಿನ್, ಒತ್ತಡ. ಕಾರಣ ಕಾಣದೆ ವಾರಗಟ್ಟಲೆ ಇಳಿಯುತ್ತಲೇ ಹೋದರೆ ನಾನು ಹೆಚ್ಚು ಎಚ್ಚರವಾಗುತ್ತೇನೆ. ಮನೆಯವರು ಅಂದುಕೊಂಡಂತೆ ಕಾಯಿಲೆ ವಾಸಿಯಾಗುವುದು ಇಲ್ಲಿ ಸಾಧ್ಯವಿಲ್ಲ. ಟೈಪ್ 1 ಪತ್ತೆಯಾದ ಹೊಸತರಲ್ಲಿ, ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕಣಗಳಲ್ಲಿ ಅಳಿದುಳಿದವು ಚೇತರಿಸಿಕೊಂಡು ಕೆಲವು ತಿಂಗಳು ಇನ್ಸುಲಿನ್ ಬಹಳ ಕಡಿಮೆ ಸಾಕಾಗುವುದುಂಟು. ಅದಕ್ಕೆ ಹನಿಮೂನ್ ಅವಧಿ ಎನ್ನುತ್ತಾರೆ. ಹದಿನಾರನೆಯ ವರ್ಷದಲ್ಲಿ ಅದು ಬರುವುದಿಲ್ಲ. ಮನೆಯವರಿಗೆ ಇದನ್ನು ಮೆಲ್ಲಗೆ ಹೇಳಿ, ಅವರ ಆಸೆಯಲ್ಲಿ ಪ್ರೀತಿಯಿದೆ.

ಯಾವುದನ್ನು ಹುಡುಕಬೇಕು? ಎಲ್ಲಕ್ಕಿಂತ ಮೊದಲು, ಮುಟ್ಟು ತಪ್ಪಿದೆಯೇ? ಗರ್ಭ ಧರಿಸಿದ ಮೊದಲ ತಿಂಗಳುಗಳಲ್ಲಿ, ಮುಖ್ಯವಾಗಿ 9ರಿಂದ 16ನೆಯ ವಾರದ ನಡುವೆ, ಇನ್ಸುಲಿನ್ ಕಡಿಮೆ ಬೇಕಾಗಿ ಲೋಗಳು ಹೆಚ್ಚುತ್ತವೆ, ಸುಸ್ತೂ ಇರುತ್ತದೆ. ಆಮೇಲೆ ಅದೇ ಪ್ರಮಾಣ ಎರಡು ಮೂರು ಪಟ್ಟು ಏರುತ್ತದೆ, ಹೆರಿಗೆಯಾದ ಕೂಡಲೇ ಮತ್ತೆ ಕುಸಿಯುತ್ತದೆ. ನೀವು ಈ ವಿಷಯ ಬರೆದಿಲ್ಲ. ನಿಮ್ಮ ವಯಸ್ಸಿನ ಯಾವ ಹೆಣ್ಣುಮಗಳನ್ನಾದರೂ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಅದಲ್ಲದಿದ್ದರೆ ನನ್ನ ಗಮನ ಹೋಗುವುದು ಅಡ್ರಿನಲ್ ಗ್ರಂಥಿಗಳ ಕಡೆಗೆ. ಟೈಪ್ 1 ಬಂದದ್ದೇ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಬೀಟಾ ಕಣಗಳ ಮೇಲೆ ತಿರುಗಿಬಿದ್ದದ್ದರಿಂದ. ಆ ಸಿಟ್ಟು ಕೆಲವರಲ್ಲಿ ಇನ್ನೊಂದು ಗ್ರಂಥಿಯ ಮೇಲೂ ತಿರುಗುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್‌ಗಳು ಹಾಳಾದರೆ ಕಾರ್ಟಿಸಾಲ್ ತಗ್ಗುತ್ತದೆ. ಇನ್ಸುಲಿನ್ನಿಗೆ ಎದುರು ನಿಂತು ಸಕ್ಕರೆಯನ್ನು ಎತ್ತಿ ಹಿಡಿಯುವ ಹಾರ್ಮೋನುಗಳಲ್ಲಿ ಅದೂ ಒಂದು. ಅದು ಇಲ್ಲವಾದಾಗ ಕಡಿಮೆ ಇನ್ಸುಲಿನ್ ಸಾಕಾಗುತ್ತದೆ, ಬೆಳಗಿನ ಜಾವ ಲೋ ಆಗುತ್ತದೆ, ಸುಸ್ತು, ತೂಕ ಇಳಿಕೆ. 1855ರಲ್ಲಿ ಥಾಮಸ್ ಅಡಿಸನ್ ವರ್ಣಿಸಿದ್ದರಿಂದ ಇದಕ್ಕೆ ಅಡಿಸನ್ ಕಾಯಿಲೆ ಎಂದು ಹೆಸರು. ಇದು ಅಪರೂಪದ ಕಾಯಿಲೆ, ನಿಮಗೆ ಇರಲಿಕ್ಕಿಲ್ಲ ಎಂದೇ ನನ್ನ ಆಸೆ. ಆದರೆ ತಪ್ಪಿಸಿಕೊಂಡರೆ ಪ್ರಾಣಕ್ಕೆ ಬರುವ ಕಾಯಿಲೆ. ಎದ್ದು ನಿಂತಾಗ ತಲೆ ಸುತ್ತುತ್ತದೆಯೇ, ಉಪ್ಪು ತಿನ್ನಬೇಕೆನಿಸುತ್ತದೆಯೇ, ಅಂಗೈ ಗೆರೆಗಳು, ಒಸಡು ಅಥವಾ ಹಳೆಯ ಗಾಯದ ಕಲೆ ಕಪ್ಪಾಗಿವೆಯೇ ಎಂದು ನೋಡಿಕೊಳ್ಳಿ. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ಕಾರ್ಟಿಸಾಲ್, ಜೊತೆಗೆ ಸೋಡಿಯಂ, ಪೊಟ್ಯಾಷಿಯಂ ಪರೀಕ್ಷೆ ಮಾಡಿಸುತ್ತಾರೆ. ಆಗ ಭುಜದ ಇಂಜೆಕ್ಷನ್ನಿನ ತಾರೀಖನ್ನು ತಪ್ಪದೆ ಹೇಳಿ. ಹೊರಗಿನಿಂದ ಬಂದ ಸ್ಟೀರಾಯ್ಡ್ ದೇಹದ ಸ್ವಂತ ಕಾರ್ಟಿಸಾಲನ್ನು ಕೆಲವು ವಾರ ಮಲಗಿಸಬಲ್ಲದು. ಆಗಲೂ ಅಂಕಿ ಕಡಿಮೆಯೇ ಬರುತ್ತದೆ, ಆದರೆ ಅರ್ಥ ಬೇರೆ. ವಾಂತಿ, ತೀವ್ರ ನಿತ್ರಾಣ, ಕಣ್ಣು ಕತ್ತಲಿಡುವುದು ಒಟ್ಟಿಗೆ ಕಾಣಿಸಿಕೊಂಡರೆ ಪರೀಕ್ಷೆಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಥೈರಾಯ್ಡ್ ಪರೀಕ್ಷೆಯನ್ನೂ ಬಿಡುವಂತಿಲ್ಲ. ಥೈರಾಯ್ಡ್ ತಗ್ಗಿದರೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ಲೋ ಆಗುತ್ತದೆ, ಆದರೆ ತೂಕ ಸಾಮಾನ್ಯವಾಗಿ ಏರುತ್ತದೆ. ಥೈರಾಯ್ಡ್ ಹೆಚ್ಚಾದರೆ ತೂಕ ಇಳಿಯುತ್ತದೆ, ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ. ನಿಮ್ಮ ಚಿತ್ರ ಎರಡಕ್ಕೂ ಸರಿಯಾಗಿ ಹೊಂದುತ್ತಿಲ್ಲ. ಒಂದು ವೇಳೆ ಥೈರಾಯ್ಡ್ ಕಡಿಮೆ ಎಂದು ಬಂದರೆ, ಮಾತ್ರೆ ಆರಂಭಿಸುವ ಮೊದಲು ಕಾರ್ಟಿಸಾಲ್ ಫಲಿತಾಂಶ ಕೈಯಲ್ಲಿರಲಿ. ಎರಡೂ ಕಡಿಮೆಯಿದ್ದಾಗ ಥೈರಾಯ್ಡ್ ಮಾತ್ರೆಯೊಂದನ್ನೇ ಕೊಟ್ಟರೆ ಕಾರ್ಟಿಸಾಲ್ ಸಾಲದೆ ಪ್ರಾಣಕ್ಕೇ ಕುತ್ತಾಗುವ ಅಡ್ರಿನಲ್ ಬಿಕ್ಕಟ್ಟು ಬರುವ ಅಪಾಯವಿದೆ.

ಮೂರನೆಯದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿಗೆ ಪ್ರತಿಕ್ರಿಯಿಸಿ ಸಣ್ಣ ಕರುಳಿನ ಒಳಪದರ ಸವೆಯುತ್ತದೆ. ಟೈಪ್ 1 ಇರುವವರಲ್ಲಿ ಇದು ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಉಂಡದ್ದು ಪೂರ್ತಿ ಮೈಗೆ ಹತ್ತುವುದಿಲ್ಲ. ಊಟದ ಲೆಕ್ಕಕ್ಕೆ ಹಾಕಿದ ಇನ್ಸುಲಿನ್ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಹೊಟ್ಟೆಯ ತೊಂದರೆ ಒಂದಿಷ್ಟೂ ಇಲ್ಲದೆ ಬರೀ ಸುಸ್ತು, ರಕ್ತಹೀನತೆ, ಲೋಗಳಾಗಿಯೇ ಕಾಣಿಸಿಕೊಳ್ಳಬಹುದು. ಪರೀಕ್ಷೆಗೆ ಮೊದಲು ಗೋಧಿ ಬಿಟ್ಟುಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಫಲಿತಾಂಶ ‘ಇಲ್ಲ’ ಎಂದು ಬರಬಹುದು. ಇದರ ಜೊತೆಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಯೂ ಆಗಲಿ. ಇನ್ಸುಲಿನ್ನನ್ನು ರಕ್ತದಿಂದ ತೆಗೆದುಹಾಕುವ ಕೆಲಸದಲ್ಲಿ ಮೂತ್ರಪಿಂಡಗಳ ಪಾಲು ದೊಡ್ಡದು. ಅವು ದುರ್ಬಲವಾದಂತೆ ಹಾಕಿದ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ, ಮುಂದೆ ಖಂಡಿತ ಎದುರಾಗುವ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಮುಟ್ಟಿಗೆ ಮುಂಚಿನ ಕೆಲವು ದಿನ ಅನೇಕ ಹೆಣ್ಣುಮಕ್ಕಳಿಗೆ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ, ಮುಟ್ಟಾದ ಒಂದೆರಡು ದಿನಗಳಲ್ಲಿ ಅದು ತಟ್ಟನೆ ಇಳಿಯುತ್ತದೆ. ಏರಿಸಿದ್ದನ್ನು ಇಳಿಸಲು ಮರೆತರೆ ಲೋ ಗ್ಯಾರಂಟಿ. ಸಕ್ಕರೆ ಬರೆಯುವ ಪುಸ್ತಕದಲ್ಲಿ ಮುಟ್ಟಿನ ದಿನಗಳಿಗೂ ಒಂದು ಗುರುತು ಹಾಕುತ್ತಾ ಬನ್ನಿ, ಮೂರು ತಿಂಗಳಲ್ಲಿ ನಿಮ್ಮದೇ ವಿನ್ಯಾಸ ಕಾಣಿಸುತ್ತದೆ. ದೀರ್ಘವಾಗಿ ದುಡಿದ, ನಡೆದ ದಿನದ ಪರಿಣಾಮ ಒಂದೆರಡು ದಿನ ಉಳಿಯುತ್ತದೆ; ಸಂಜೆಯ ವ್ಯಾಯಾಮದ ಲೋ ನಡುರಾತ್ರಿಯ ನಂತರ ಬರಬಹುದು. ಮದ್ಯ ಕುಡಿದ ರಾತ್ರಿ ಯಕೃತ್ತು ಹೊಸ ಗ್ಲುಕೋಸ್ ತಯಾರಿಸುವುದನ್ನು ಬದಿಗಿಡುತ್ತದೆ, ಆಗಲೂ ಲೋ ಆಗಬಹುದು. ಕಾಯಿಲೆ ಬಿದ್ದಾಗ ‘ಹೊಟ್ಟೆಗೆ ಏನೂ ಹೋಗಿಲ್ಲ, ಇನ್ಸುಲಿನ್ ಬೇಡ’ ಎಂದು ಯಾರು ಹೇಳಿದರೂ ಕೇಳಬೇಡಿ. ಜ್ವರದಲ್ಲಿ ಉಪವಾಸವಿದ್ದರೂ ಸಕ್ಕರೆ ಏರುತ್ತದೆ. ರಕ್ತದ ಕೀಟೋನ್ 0.6ರೊಳಗಿದ್ದರೆ ಸರಿ, 1.5 ದಾಟಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು, 3 ತಲುಪಿದರೆ ಆಸ್ಪತ್ರೆಗೆ ಹೊರಡಬೇಕು.

ಸಕ್ಕರೆ ಮತ್ತೆ ಎಂದಾದರೂ ಅರ್ಥವಾಗದಂತೆ ಏರಿದರೆ, ಪ್ರಮಾಣ ಬದಲಿಸುವ ಮೊದಲು ಕೈ ತೊಳೆದು ಇನ್ನೊಮ್ಮೆ ಪರೀಕ್ಷಿಸಿ. ಬೆರಳಿಗಂಟಿದ ಹಣ್ಣಿನ ರಸ ಮೀಟರನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಆಮೇಲೆ ಪೆನ್ ನೋಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಳಕೆಯಲ್ಲಿರುವುದು ಕೋಣೆಯ ಉಷ್ಣತೆಯಲ್ಲಿ ಹೆಚ್ಚಿನವು ನಾಲ್ಕು ವಾರ ಬಾಳುತ್ತವೆ. ನಿಮ್ಮದರ ಅವಧಿ ಪೆಟ್ಟಿಗೆಯ ಮೇಲೇ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿದ್ದು ಅಥವಾ ಬಿಸಿಲಲ್ಲಿ ನಿಂತ ವಾಹನದಲ್ಲಿ ಬೆಂದದ್ದು ನೋಡಲು ಚೆನ್ನಾಗಿದ್ದರೂ ಕೆಟ್ಟಿರಬಹುದು. ಅನುಮಾನವಿದ್ದರೆ ಹೊಸದನ್ನು ತೆರೆಯಿರಿ.

ವೈದ್ಯರ ಬಳಿ ಹೋಗುವಾಗ ಮೂರು ವಾರಗಳ ಅಂಕಿಗಳನ್ನು, ಪ್ರತಿ ಇಂಜೆಕ್ಷನ್ನನ್ನು ಎಲ್ಲಿಗೆ ಹಾಕಿಕೊಂಡಿರಿ ಎಂಬುದನ್ನು, ಭುಜದ ಚಿಕಿತ್ಸೆಯ ಚೀಟಿಯನ್ನು ತೆಗೆದುಕೊಂಡು ಹೋಗಿ. ಹೊಟ್ಟೆ ಮುಟ್ಟಿ ನೋಡಲು ನೀವೇ ಕೇಳಿ. ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಶಿಸ್ತು ತಪ್ಪಿದೆ ಎಂದವರೇ ಬಂದರೆ ಇನ್ನೂ ಒಳ್ಳೆಯದು. 48 ಎಂದರೆ ಏನು, ಆಗ ಏನು ಮಾಡಬೇಕು ಎಂಬುದನ್ನು ಅವರು ವೈದ್ಯರ ಬಾಯಿಂದಲೇ ಕೇಳಲಿ. ಫಲಿತಾಂಶಗಳು ಬಂದ ಮೇಲೆ ಬರೆಯಿರಿ, ಕಾಯುತ್ತಿರುತ್ತೇನೆ.